ಆ ಪುಟ ಯಾರದು?

"ನನ್ನ ಪೇಷಂಟನ್ನ ಹೊರಗೆ ದಬ್ಬಿದವರು ಯಾರು?"

ಬಾಗಿಲು ತಳ್ಳಿಕೊಂಡು ಬಂದವನ ಧ್ವನಿಗೆ ಇಡೀ ಆಫೀಸು ಕೀಬೋರ್ಡಿನಿಂದ ಕೈ ತೆಗೆಯಿತು.

ಎತ್ತರದ ಆಳು. ಆಸ್ಪತ್ರೆಯ ತಿಳಿನೀಲಿ ಸಮವಸ್ತ್ರ, ಕೊರಳಲ್ಲಿ ತೂಗಾಡುವ ಗುರುತಿನ ಚೀಟಿ, ಕೈಯಲ್ಲಿ ಮೂಲೆ ಒಡೆದ ಒಂದು ಟ್ಯಾಬ್ಲೆಟ್. ಕಣ್ಣಲ್ಲಿ ಮಾತ್ರ ನಿಗಿನಿಗಿ ಕೆಂಡ!

ಮ್ಯಾನೇಜರ್ ಗಡಬಡಿಸಿ ಎದ್ದರು. "ಸರ್, ಕೂತ್ಕೊಳ್ಳಿ... ನೀರು ತರಿಸ್ಲಾ?"

"ನೀರು ಬೇಡ. ಈ ಲಾಗಿನ್ ವಿಷಯ ನೋಡಿಕೊಳ್ಳೋರು ಬೇಕು."

ಯಾರೂ ಬೆರಳು ತೋರಿಸಲಿಲ್ಲ. ಎಲ್ಲರ ಕಣ್ಣೂ ತಾವಾಗಿಯೇ ಕಿಟಕಿ ಪಕ್ಕದ ಮೇಜಿನ ಕಡೆ ಹೊರಳಿದವು. ಅಲ್ಲಿ ಕೂತಿದ್ದವಳು ಗುಬ್ಬಿ.

ಅದು ಅಕ್ಕ ಇಟ್ಟ ಅಡ್ಡಹೆಸರು. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ತಂಗಿಗೆ ಬೇರೆ ಹೆಸರು ಒಪ್ಪುವುದೇ ಇಲ್ಲ ಅಂತ ಅವಳ ವಾದ. ಒಮ್ಮೆ ಫೋನಿನಲ್ಲಿ ಅಕ್ಕ ಹಾಗೆ ಕರೆದದ್ದು ಪಕ್ಕದವರ ಕಿವಿಗೆ ಬಿದ್ದು, ಆಫೀಸಿನಲ್ಲೂ ಅದೇ ಗಟ್ಟಿಯಾಗಿಬಿಟ್ಟಿತ್ತು.

"ನಾನೇ..." ಗುಬ್ಬಿ ಎದ್ದು ನಿಂತಳು. "ಏನಾಯ್ತು ಹೇಳಿ?"

ಅವನು ಟ್ಯಾಬ್ಲೆಟ್ಟನ್ನು ಅವಳ ಮುಂದಿಟ್ಟ. ಪರದೆಯ ಮೇಲೆ ಒಂದೇ ಸಂದೇಶ: ‘ನಿಮ್ಮ ಸೆಷನ್ ಮುಗಿದಿದೆ. ದಯವಿಟ್ಟು ಮತ್ತೆ ಲಾಗಿನ್ ಆಗಿ.’

ಅದನ್ನು ಬರೆದವಳು ಅವಳೇ. ಆ ದೊಡ್ಡ ಆಸ್ಪತ್ರೆಗೆ ಇವರ ಕಂಪನಿ ವೆಬ್‌ಸೈಟ್ ಮಾಡಿಕೊಡುತ್ತಿತ್ತು. ರೋಗಿಗಳು ಲಾಗಿನ್ ಆದರೆ ರಿಪೋರ್ಟು, ಔಷಧಿ, ಡಾಕ್ಟರ ಭೇಟಿಯ ಸಮಯ, ವ್ಯಾಯಾಮದ ವಿಡಿಯೋ ಎಲ್ಲ ಒಂದೇ ಕಡೆ ಸಿಗಬೇಕು. ಪ್ರಯೋಗಕ್ಕೆಂದು ಕೆಲವು ವಿಭಾಗಗಳಲ್ಲಿ ಆಗಲೇ ಶುರುವಾಗಿತ್ತು. ಒಳಗೆ ಬಂದವರು ಯಾರು, ಎಷ್ಟು ಹೊತ್ತು ಇರಬಹುದು, ಬಾಗಿಲು ಯಾವಾಗ ತಾನಾಗಿ ಮುಚ್ಚಬೇಕು... ಇದೆಲ್ಲ ಗುಬ್ಬಿಯ ಪಾಲಿನ ಕೆಲಸ.

"ನಾನು ಅಲ್ಲಿ ಫಿಸಿಯೋಥೆರಪಿಸ್ಟ್," ಅಂದ ಅವನು. "ನನ್ನ ಹತ್ರ ಒಬ್ಬರು ಅಮ್ಮ ಬರ್ತಾರೆ. ಜೀವನವೆಲ್ಲ ಬಟ್ಟೆ ಹೊಲಿದವರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿದೆ, ಮಾತೂ ಅರ್ಧ ಹೋಗಿದೆ. ಹೋದ ವಾರ ಮೊದಲ ಸಲ ಆ ಕೈನ ಎಡಗೈಯಲ್ಲಿ ಹಿಡಿದು ಭುಜದ ತನಕ ಎತ್ತಿದ್ರು. ಮೊದಲ ಸಲ! ವಿಡಿಯೋ ನೋಡ್ತಾ ಹಾಗೇ ಹಿಡ್ಕೊಂಡಿದ್ರು... ಅಷ್ಟರಲ್ಲಿ ಇದು ಬಂತು!"

"ತುಂಬ ಹೊತ್ತು ಪರದೆ ಮುಟ್ಟದೇ ಇದ್ರೆ ಅದು..."

"ಎರಡೂ ಕೈ ಮೇಲಿದ್ರೆ ಪರದೆ ಯಾವುದರಿಂದ ಮುಟ್ಟೋದು? ಮೂಗಿನಿಂದಲಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ತಾನೇ ಏನೋ ಕೆಡಿಸಿಬಿಟ್ಟೆ ಅಂತ ಅತ್ತುಬಿಟ್ರು ಆ ಅಮ್ಮ. ಮತ್ತೆ ಪಾಸ್‌ವರ್ಡ್ ಒತ್ತೋಕೆ ಬೆರಳು ಬಗ್ಗಲ್ಲ. ಅವತ್ತಿಂದ ಆಸ್ಪತ್ರೆ ಕಡೆ ತಲೆ ಹಾಕಿಲ್ಲ."

ಅಯ್ಯೋ ಪಾಪ, ಅನ್ನಿಸಿತು ಗುಬ್ಬಿಗೆ. ಆದರೂ ಸುಮ್ಮನಿರಲು ಆಗಲಿಲ್ಲ.

"ಆ ಟ್ಯಾಬ್ಲೆಟ್ ದಿನಕ್ಕೆ ಎಷ್ಟು ಜನರ ಕೈಗೆ ಹೋಗುತ್ತೆ ಹೇಳಿ? ಆ ಅಮ್ಮ ಹಾಗೇ ಎದ್ದು ಹೋದ್ರೆ, ಆಮೇಲೆ ಕೂತವರು ಅವರ ಕಾಯಿಲೆ, ಔಷಧಿ, ಮನೆ ವಿಳಾಸ ಎಲ್ಲ ಓದಬಹುದು. ಆಗ ಬಾಗಿಲು ತೆರೆದಿಟ್ಟವರು ಯಾರು ಅಂತ ನೀವೇ ಬಂದು ಕೂಗ್ತೀರಿ!"

ಧ್ವನಿ ನಡುಗುತ್ತಿತ್ತು. ಆದರೆ ಕಣ್ಣು ಅವನ ಕಣ್ಣಿನಿಂದ ಕದಲಲಿಲ್ಲ.

ಅವನು ಟ್ಯಾಬ್ಲೆಟ್ಟನ್ನು ಹಿಂದಕ್ಕೆ ತೆಗೆದುಕೊಂಡ. ಕೋಪ ಇಳಿದ ಮುಖ ಬೇರೆಯವರದೇ ಅನ್ನಿಸುವಷ್ಟು ಮೆತ್ತಗಿತ್ತು.

"ಅದೂ ನಿಜಾನೇ... ಆದ್ರೆ ಒಂದ್ಸಲ ಬಂದು ನೋಡಿ. ಇಲ್ಲಿ ಕೂತ್ರೆ ಗೊತ್ತಾಗಲ್ಲ."

*

ಮರುದಿನವೇ ಮ್ಯಾನೇಜರ್ ಅವಳನ್ನು ಆಸ್ಪತ್ರೆಗೆ ಅಟ್ಟಿದರು.

ವ್ಯಾಯಾಮದ ಹಾಲಿನ ಬಾಗಿಲಲ್ಲಿ ನಿಂತವಳಿಗೆ ಒಳಗೆ ಕಾಲಿಡಲು ಧೈರ್ಯ ಸಾಲಲಿಲ್ಲ. ಗೋಡೆಗುಂಟ ಹಿಡಿದು ನಡೆಯುವ ಕಂಬಿಗಳು, ನೆಲದ ಮೇಲೆ ನೀಲಿ ಚಾಪೆಗಳು, ಅಲ್ಲಲ್ಲಿ ರಬ್ಬರ್ ಚೆಂಡು. ಒಬ್ಬರು ಚೆಂಡು ಹಿಸುಕುತ್ತಿದ್ದಾರೆ, ಇನ್ನೊಬ್ಬರು ಗಾಲಿಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದಾರೆ. ಎಲ್ಲರ ಬಾಯಲ್ಲೂ ಒಂದೇ ಕೂಗು: "ಮೇಷ್ಟ್ರೇ! ಇಲ್ಲಿ ಬನ್ನಿ ಮೇಷ್ಟ್ರೇ!"

ಹಾಗೆ ಕರೆಸಿಕೊಳ್ಳುತ್ತಿದ್ದವನು ಅವನೇ. ನಿನ್ನೆ ಬೆಂಕಿ ಕಾರಿದವನು ಇವತ್ತು ನೆಲದ ಮೇಲೆ ಮಂಡಿಯೂರಿ ಒಬ್ಬ ಅಜ್ಜನ ಪಾದ ಹಿಡಿದುಕೊಂಡು, "ಒದೀರಿ ನನ್ನ! ಜೋರಾಗಿ ಒದೀರಿ! ಇಷ್ಟೇನಾ ಸಿಟ್ಟು?" ಅಂತ ನಗಿಸುತ್ತಿದ್ದ.

ಗುಬ್ಬಿಗೆ ಗೊತ್ತಿಲ್ಲದೇ ಅವಳ ತುಟಿ ಅರಳಿತು.

ಆದರೆ ಅಲ್ಲಿನ ಫೋನು, ಟ್ಯಾಬ್ಲೆಟ್ಟುಗಳನ್ನು ನೋಡಿದಾಗ ಆ ನಗು ಹಾರಿಹೋಯಿತು. ಎಲ್ಲ ಹಳೆಯವು. ಮಗ ಬಿಟ್ಟದ್ದು, ಸೊಸೆ ಕೊಟ್ಟದ್ದು, ಆಸ್ಪತ್ರೆಗೆ ಯಾರೋ ದಾನ ಮಾಡಿದ್ದು. ಆಫೀಸಿನ ಹೊಸ ಕಂಪ್ಯೂಟರಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಅವಳ ಪುಟ, ಈ ಹಳೇ ಬ್ರೌಸರ್‌ಗಳಲ್ಲಿ ಚಿಂದಿಯಾಗಿ ಬಿದ್ದಿತ್ತು! ಒಂದರಲ್ಲಿ ‘ಮುಂದೆ’ ಅನ್ನುವ ಗುಂಡಿ ಪರದೆಯ ಆಚೆ ಹೋಗಿತ್ತು. ಇನ್ನೊಂದರಲ್ಲಿ ವಿಡಿಯೋ ಜಾಗದಲ್ಲಿ ಬರೀ ಕಪ್ಪು ಚೌಕ.

ಅವನ ಫೋನೂ ಅದೇ ಕಾಲದ್ದು.

"ನಿಮ್ಮದೂ ಹಳೇದಾ?" ಕೇಳಿಯೇಬಿಟ್ಟಳು.

"ಸೆಕೆಂಡ್ ಹ್ಯಾಂಡ್ ಹುಡುಕಿ ತಗೊಂಡಿದ್ದು. ಅವರ ಕೈಯಲ್ಲಿರೋದೇ ನನ್ನ ಕೈಯಲ್ಲೂ ಇದ್ರೆ, ಎಲ್ಲಿ ಒತ್ತಬೇಕು ಅಂತ ಫೋನಲ್ಲೇ ಹೇಳಿಕೊಡಬಹುದು ನೋಡಿ."

ಇಷ್ಟು ಹೇಳಿ ಅವನು ಹೊರಟುಹೋದ. ಅವಳು ಮಾತ್ರ ತುಂಬ ಹೊತ್ತು ಅಲ್ಲೇ ನಿಂತಿದ್ದಳು.

ಅಂದಿನಿಂದ ಗುಬ್ಬಿಯ ಮಧ್ಯಾಹ್ನಗಳೆಲ್ಲ ಆ ಹಾಲಿನ ಮೂಲೆಯ ಮೇಜಿನಲ್ಲೇ ಕಳೆದವು. ವ್ಯಾಯಾಮದ ವಿಡಿಯೋ ಓಡುತ್ತಿರುವಷ್ಟು ಹೊತ್ತೂ ಮನುಷ್ಯರು ಎದುರಿಗಿದ್ದಾರೆ ಅಂತಲೇ ಲೆಕ್ಕ ಹಾಕುವಂತೆ ಮಾಡಿದಳು. ಹೊರಗೆ ಹಾಕುವ ಮುಂಚೆ ‘ಇದ್ದೀರಾ?’ ಅಂತ ಪರದೆ ತುಂಬ ಒಂದು ಗುಂಡಿ ಬರುವಂತೆ ಮಾಡಿದಳು. ಮೊಣಕೈಯಿಂದ ಒತ್ತಿದರೂ ಸಾಕು. ಅತ್ತು ಹೋಗಿದ್ದ ಆ ಅಮ್ಮನನ್ನು, ಹಾಲಿನವರೆಲ್ಲರ ಟೈಲರಮ್ಮನನ್ನು, ಅವನೇ ಮನೆಗೆ ಹೋಗಿ ಓಲೈಸಿ ಕರೆತಂದ. ಅವರು ಗುಬ್ಬಿಯ ಕುರ್ತಾದ ತೋಳನ್ನು ಎಡಗೈಯಲ್ಲಿ ಹಿಡಿದು ನೋಡಿ, ಮುಖ ಸಿಂಡರಿಸಿ, ಕಷ್ಟಪಟ್ಟು ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು.

"ಹೊ... ಲಿಗೆ... ಸರಿ... ಇಲ್ಲ."

ಹಾಲೆಲ್ಲ ನಕ್ಕಿತು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ!

ಒಂದು ದಿನ ಕಾಫಿ ಲೋಟ ಅವಳ ಮುಂದಿಟ್ಟು ಪಕ್ಕದಲ್ಲೇ ಕೂತ. "ಈ ಸೆಷನ್ ಅಂದ್ರೆ ಏನ್ರೀ ನಿಜವಾಗ್ಲೂ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ದೊಡ್ಡ ಅಂಗಡಿ ಬಾಗಿಲಲ್ಲಿ ಬ್ಯಾಗ್ ಇಸ್ಕೊಂಡು ಟೋಕನ್ ಕೊಡ್ತಾರಲ್ಲ, ಹಾಗೆ. ಲಾಗಿನ್ ಆದಾಗ ನಿಮ್ಮ ಬ್ರೌಸರ್‌ಗೆ ಒಂದು ಟೋಕನ್ ಕೊಡ್ತೀವಿ. ಪ್ರತಿ ಸಲ ಅದನ್ನ ತೋರಿಸಿದ್ರೆ, ಇವರು ಇಂಥವರೇ ಅಂತ ಗೊತ್ತಾಗುತ್ತೆ. ಆದ್ರೆ ಇಲ್ಲಿರೋ ಕೆಲವು ಹಳೇ ಬ್ರೌಸರ್‌ಗಳು ನಾವು ಕೊಟ್ಟ ಟೋಕನ್ ಜೇಬಿಗೇ ಹಾಕ್ಕೊಳ್ಳಲ್ಲ. ಅದಕ್ಕೇ ಅಷ್ಟಷ್ಟು ಹೊತ್ತಿಗೆ ಪಾಸ್‌ವರ್ಡ್ ಕೇಳ್ತಾ ಇರೋದು."

"ಪಾಪ, ಅವಕ್ಕೂ ವಯಸ್ಸಾಯ್ತು. ಏನಾದ್ರೂ ಮಾಡೋಕೆ ಆಗಲ್ವಾ?"

ಅವನು ಕೇಳಿದ ರೀತಿಗೆ ಅವಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

"ಮಾಡ್ತೀನಿ," ಅಂದಳು.

ಮಾಡಿದಳು. ಅವಸರದಲ್ಲಿ ಮಾಡಿದಳು. ಟೋಕನ್ ಇಲ್ಲದೇ ಬಂದವರನ್ನು, ಯಾವ ನೆಟ್‌ವರ್ಕಿನಿಂದ ಬಂದಿದ್ದಾರೆ, ಯಾವ ಮಾಡೆಲ್ಲಿನ ಫೋನು, ಯಾವ ಬ್ರೌಸರ್ ಅಂತ ನೋಡಿ ಗುರುತು ಹಿಡಿಯುವ ಒಂದು ಅಡ್ಡದಾರಿ. ಅದನ್ನು ಹಾಕಿದ ದಿನದಿಂದ ಹಾಲಿನಲ್ಲಿ ಯಾರಿಗೂ ಪಾಸ್‌ವರ್ಡಿನ ಕಾಟ ಇರಲಿಲ್ಲ. ಅಜ್ಜ ಚಪ್ಪಾಳೆ ತಟ್ಟಿದರು. ಅವನು ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಎದೆ ಹಕ್ಕಿಯ ಹಾಗೆ ಪಟಪಟ ಬಡಿದುಕೊಂಡಿತು.

ಮನೆಯಲ್ಲಿ ಅಕ್ಕ ಬಿಡಬೇಕಲ್ಲ?

"ಏನೇ ಗುಬ್ಬಿ, ಆ ಆಸ್ಪತ್ರೆಗೆ ಹೋಗೋಕೆ ಶುರು ಮಾಡಿದ ಮೇಲೆ ಕನ್ನಡಿ ಮುಂದೆ ನಿಲ್ಲೋದು ಜಾಸ್ತಿ ಆಯ್ತಲ್ಲ?"

"ಸುಮ್ನಿರೇ ಅಕ್ಕ!"

"ಮೇಷ್ಟ್ರಿಗೆ ಮದುವೆ ಆಗಿದೆಯಾ, ವಿಚಾರಿಸಿದ್ಯಾ?"

ಗುಬ್ಬಿಯ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಇಲ್ಲ... ಕೇಳಿರಲಿಲ್ಲ. ಹೇಗೆ ಕೇಳುವುದು? ಕೇಳಿದರೆ ಏನೆಂದುಕೊಂಡಾನು?

*

"ನಾಳೆ ಸಂಜೆ ಸ್ವಲ್ಪ ಬಿಡುವು ಮಾಡ್ಕೊಳ್ತೀರಾ? ನಿಮ್ಮ ಹತ್ರ ಒಂದು ಮಾತಾಡೋದಿದೆ," ಅಂದಿದ್ದ ಅವನು.

ಆ ರಾತ್ರಿ ಗುಬ್ಬಿಯ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಹಾಲಿಗೆ ಹೋದಾಗ ಅವನು ಟೈಲರಮ್ಮನ ಭುಜ ಹಿಡಿದು ನಡೆಸುತ್ತಿದ್ದ. ಅಲ್ಲಿಂದಲೇ ತನ್ನ ಫೋನನ್ನು ಅವಳ ಕಡೆ ಚಾಚಿದ. "ನನ್ನ ಫೋನಲ್ಲೂ ಒಂದ್ಸಲ ತೆಗೆದು ನೋಡಿ, ಸರಿಯಾಗಿ ಬರ್ತಿದೆಯಾ ಅಂತ. ಇವರನ್ನ ಕೂರಿಸಿ ಬಂದೆ."

ಅವಳು ವೆಬ್‌ಸೈಟ್ ತೆರೆದಳು. ಪುಟ ಚೆನ್ನಾಗಿಯೇ ಬಂತು. ಗುಂಡಿಗಳೆಲ್ಲ ಅದರದರ ಜಾಗದಲ್ಲಿ. ನಡುವೆ ದೊಡ್ಡ ಅಕ್ಷರದಲ್ಲಿ ಒಂದು ಸೂಚನೆ:

‘ನಮಸ್ಕಾರ. ನಿಮ್ಮ ಪತ್ನಿಯ ಐದನೇ ತಿಂಗಳ ಸ್ಕ್ಯಾನಿಂಗ್ ನಾಳೆ ಬೆಳಿಗ್ಗೆ. ಅವರೊಂದಿಗೆ ನೀವೂ ಬನ್ನಿ.’

ಗುಬ್ಬಿಗೆ ಓದಿದ್ದು ಅರ್ಥವಾಗಲಿಲ್ಲ. ಮತ್ತೆ ಓದಿದಳು.

ಪತ್ನಿ... ಐದನೇ ತಿಂಗಳು...

ಆ ಕಾಫಿ, ಆ ನಗು, ಆ ನೋಟ... ಎಲ್ಲ ತಾನೇ ಕಟ್ಟಿಕೊಂಡದ್ದಾ? ಹಾಗಾದರೆ ಇವತ್ತು ಸಂಜೆ ಹೇಳಬೇಕೆಂದದ್ದು ಏನು? ಥೂ, ಎಂಥ ಮೂರ್ಖಳು ನಾನು!

"ಸರಿಯಾಗಿದೆಯಾ?" ಅವನು ಓಡಿಬಂದು ಕೇಳಿದ. ಕಣ್ಣಲ್ಲಿ ಅದೇ ನಗು.

"ಸರಿಯಾಗಿದೆ." ಪುಟ ಮುಚ್ಚಿ ಫೋನ್ ಅವನ ಕೈಗಿಟ್ಟಳು. "ನಂಗೆ ಆಫೀಸಲ್ಲಿ ಕೆಲಸ ಇದೆ. ಸಂಜೆ ಆಗಲ್ಲ."

"ಅಯ್ಯೋ... ನಾಳೆ?"

"ನಾಳೆ ನಿಮಗೆ ಆಗಲ್ಲ ಅನ್ಸುತ್ತೆ."

ಅವನಿಗೆ ಏನೊಂದೂ ತಿಳಿಯಲಿಲ್ಲ. ಅವಳು ಆಗಲೇ ಬಾಗಿಲು ದಾಟಿದ್ದಳು.

ಅಲ್ಲಿಂದ ಮುಂದೆ ಗುಬ್ಬಿ ಆಸ್ಪತ್ರೆಯ ಕಡೆ ಹೋಗಲಿಲ್ಲ. ಕೂತಲ್ಲಿಂದಲೇ ಕೆಲಸ ಮಾಡಿದಳು. ಅವನ ಫೋನ್ ಬಂದರೆ ಎತ್ತಲಿಲ್ಲ. ಸಂದೇಶ ಬಂದರೆ ‘ಮ್ಯಾನೇಜರ್ ಅವರನ್ನು ಸಂಪರ್ಕಿಸಿ’ ಅಂತ ಒಂದೇ ಸಾಲಿನ ಉತ್ತರ. ಊಟದ ತಟ್ಟೆ ಮುಂದೆ ಕೂತು ಬೆರಳಾಡಿಸುವ ತಂಗಿಯನ್ನು ನೋಡಿ ಅಕ್ಕ ಎರಡು ಸಲ ಕೇಳಿದಳು, ಮೂರನೇ ಸಲ ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಕೊನೆಗೆ ಅವನೇ ಆಫೀಸಿನ ಮೆಟ್ಟಿಲ ಬಳಿ ಕಾದು ನಿಂತ.

"ನಾನೇನು ತಪ್ಪು ಮಾಡಿದೆ ಅಂತಾದ್ರೂ ಹೇಳಿ. ಅಂದು ಎಲ್ಲರ ಮುಂದೆ ಕೂಗಾಡಿದ್ದಕ್ಕಾ?"

"ಇಲ್ಲ."

"ಮತ್ತೆ?"

"ಮನೆಯವರೆಲ್ಲ ಚೆನ್ನಾಗಿದ್ದಾರಾ?" ಅವಳ ಮಾತು ಸೂಜಿಯಂತಿತ್ತು.

ಅವನು ತಬ್ಬಿಬ್ಬಾದ. "ಅಮ್ಮ ಚೆನ್ನಾಗಿದ್ದಾರೆ... ಯಾಕೆ?"

ಎಷ್ಟು ಸಲೀಸಾಗಿ ಮುಚ್ಚಿಟ್ಟ ನೋಡು! ಇನ್ನೊಂದು ಮಾತಾಡಿದರೆ ಅತ್ತುಬಿಡುತ್ತೇನೆ ಅನ್ನಿಸಿತು.

"ನಮ್ಮಿಬ್ಬರ ನಡುವೆ ಇದ್ದಿದ್ದು ಕೆಲಸ. ಅದು ಮುಗೀತು. ದಯವಿಟ್ಟು ಇನ್ನು ಬರಬೇಡಿ."

ಅವನ ಮುಖ ಸುಣ್ಣದಂತೆ ಬಿಳುಪಾಯಿತು. "ಸರಿ," ಅಂದ. ಅಷ್ಟೇ. ಮೆಟ್ಟಿಲಿಳಿದು ಹೋದವನು ಒಮ್ಮೆಯೂ ತಿರುಗಿ ನೋಡಲಿಲ್ಲ.

*

ವೆಬ್‌ಸೈಟಿನ ಉದ್ಘಾಟನೆಗೆ ಒಂದು ದಿನ ಇತ್ತು. ಮ್ಯಾನೇಜರ್ ಹೊಸ ಶರ್ಟು ತೊಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಆಗ ಆಸ್ಪತ್ರೆಯಿಂದ ಫೋನ್ ಬಂತು. ಮಾತಾಡುತ್ತ ಮಾತಾಡುತ್ತ ಅವರ ಮುಖದ ಬಣ್ಣವೇ ಇಳಿಯಿತು.

"ಏನಾಯ್ತು ಸರ್?" ಗುಬ್ಬಿ ಎದ್ದು ನಿಂತು ಕೇಳಿದಳು.

"ಒಬ್ಬರು ಪೇಷಂಟ್ ಬಿದ್ದಿದ್ದಾರಂತೆ. ಬಟ್ಟೆ ಹೊಲೀತಿದ್ರಲ್ಲ, ಅವರು. ಟ್ಯಾಬ್ಲೆಟ್ಟಲ್ಲಿ ಯಾವುದೋ ತಪ್ಪು ವ್ಯಾಯಾಮ ಬಂತಂತೆ. ಎಕ್ಸ್‌ರೇಗೆ ಕರ್ಕೊಂಡು ಹೋಗಿದ್ದಾರೆ. ಫಿಸಿಯೋಥೆರಪಿಯವರು ನೋಡಿಕೊಳ್ಳದೇ ಬಿಟ್ಟಿದ್ದಾರೆ, ಅವರದೇ ತಪ್ಪು ಇರಬೇಕು. ನಮಗೇನೂ..."

"ಯಾವ ವ್ಯಾಯಾಮ?"

"ಒಂಟಿ ಕಾಲಲ್ಲಿ ನಿಲ್ಲೋದು. ಮಂಡಿ ಆಪರೇಷನ್ ಆದ ಯಾವನೋ ಆಟಗಾರನದಂತೆ."

ಗುಬ್ಬಿ ಮನಸ್ಸಿನಲ್ಲೇ ತನ್ನ ಕೋಡನ್ನು ಸಾಲುಸಾಲಾಗಿ ತಿರುವಿಹಾಕಿದಳು.

ಟೈಲರಮ್ಮನ ಟ್ಯಾಬ್ಲೆಟ್ಟಿನಲ್ಲಿ ಇನ್ನೊಬ್ಬರ ಪುಟ. ಅದು ಹೇಗೆ ಬರಲು ಸಾಧ್ಯ? ಟೋಕನ್ ಬೇರೆ ಬೇರೆ... ಇಲ್ಲ. ಆ ಟ್ಯಾಬ್ಲೆಟ್ಟಿಗೆ ಟೋಕನ್ನೇ ಇಲ್ಲ! ಅದನ್ನು ಗುರುತು ಹಿಡಿಯುವುದು ಅವಳ ಅಡ್ಡದಾರಿ. ನೆಟ್‌ವರ್ಕ್ ನೋಡಿ, ಮಾಡೆಲ್ ನೋಡಿ, ಬ್ರೌಸರ್ ನೋಡಿ. ಆದರೆ ಇಡೀ ಆಸ್ಪತ್ರೆ ಹೊರಗೆ ಹೋಗುವುದು ಒಂದೇ ನೆಟ್‌ವರ್ಕಿನಿಂದ. ಅಲ್ಲಿ ಒಂದೇ ಮಾಡೆಲ್ಲಿನ ಎರಡು ಟ್ಯಾಬ್ಲೆಟ್ಟು ಇದ್ದರೆ? ಅವಳ ಸರ್ವರಿನ ಕಣ್ಣಿಗೆ ಅವೆರಡೂ ಅವಳಿಜವಳಿ. ಯಾರು ಕೊನೆಗೆ ಲಾಗಿನ್ ಆದರೋ ಅವರ ಪುಟವೇ ಇಬ್ಬರಿಗೂ!

ಮರುಕ್ಷಣವೇ ಇನ್ನೊಂದು ನೆನಪು ಬಂತು.

ಅವನ ಫೋನ್. ಹಳೇ ಮಾಡೆಲ್. ಅದೇ ನೆಟ್‌ವರ್ಕ್. ಐದನೇ ತಿಂಗಳ ಸ್ಕ್ಯಾನಿಂಗ್...

ಆ ಪುಟ ಅವನದಾಗಿರಲೇ ಇಲ್ಲವಾ?

"ಅಯ್ಯೋ ದೇವರೇ!" ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ತಪ್ಪು ಅಂದೇ ಕಣ್ಣೆದುರು ಬಂದು ನಿಂತಿತ್ತು. ಅದನ್ನು ಕಂಡುಹಿಡಿಯುವುದೇ ಅವಳ ಕೆಲಸವಾಗಿತ್ತು. ಅವಳು ಅದನ್ನು ಎದೆಗೆ ಹಚ್ಚಿಕೊಂಡು ಅಳುತ್ತ ಕೂತಳೇ ಹೊರತು ಒಂದು ಪ್ರಶ್ನೆ ಕೇಳಲಿಲ್ಲ. ಅಂದು ಕೇಳಿದ್ದರೆ ಟೈಲರಮ್ಮ ಇಂದು ಬೀಳುತ್ತಿರಲಿಲ್ಲ!

"ಸರ್, ತಪ್ಪು ನನ್ನದು. ಈಗಲೇ ವೆಬ್‌ಸೈಟ್ ನಿಲ್ಲಿಸಬೇಕು. ಒಳಗಿರೋ ಎಲ್ಲರನ್ನೂ ಹೊರಗೆ ಹಾಕಬೇಕು."

"ತಲೆ ಕೆಟ್ಟಿದೆಯಾ? ನಾಳೆ ಉದ್ಘಾಟನೆ! ಮೆಲ್ಲಗೆ ಸರಿ ಮಾಡೋಣ, ಯಾರಿಗೂ..."

"ಈ ಕ್ಷಣ ಯಾರ ಕೈಯಲ್ಲಿ ಯಾರ ಔಷಧಿ ಚೀಟಿ ಇದೆಯೋ ಗೊತ್ತಿಲ್ಲ ಸರ್! ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಿದ್ರೆ?"

ಮ್ಯಾನೇಜರ್ ಪಕ್ಕಕ್ಕೆ ಸರಿದರು. ಕುಕ್ಕರ್ ಸದ್ದಿಗೆ ಹೆದರುವ ಹುಡುಗಿ ಕೂತು ಆಸ್ಪತ್ರೆಯ ಎಲ್ಲ ಸೆಷನ್‌ಗಳನ್ನೂ ಅಳಿಸಿ ಬಾಗಿಲು ಮುಚ್ಚಿದಳು. ಆಮೇಲೆ ಬ್ಯಾಗ್ ಕೂಡ ತೆಗೆದುಕೊಳ್ಳದೇ ಓಡಿದಳು.

*

ಎಕ್ಸ್‌ರೇ ಕೋಣೆಯ ಹೊರಗಿನ ಉದ್ದ ಬೆಂಚಿನ ಮೇಲೆ ಟೈಲರಮ್ಮನ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸ್ವಲ್ಪ ದೂರದಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ. ಅವನ ಮುಂದೆ ಆಸ್ಪತ್ರೆಯ ಮುಖ್ಯ ವೈದ್ಯೆ.

"ಪೇಷಂಟನ್ನ ಬಿಟ್ಟು ನೀವು ಎಲ್ಲಿದ್ರಿ?"

"ಪಕ್ಕದಲ್ಲೇ, ಇನ್ನೊಬ್ಬರ ಹತ್ರ... ಕೂತು ಕೈ ಎತ್ತೋ ವ್ಯಾಯಾಮ ಮೇಡಂ, ಪುಟ ನಾನೇ ತೆಗೆದುಕೊಟ್ಟಿದ್ದೆ..."

"ಹಾಗಾದ್ರೆ ಅವರು ಎದ್ದು ಯಾಕೆ ನಿಂತ್ರು? ವಿಚಾರಣೆ ಮುಗಿಯೋ ತನಕ ನೀವು ಕೆಲಸಕ್ಕೆ..."

"ಅವರ ತಪ್ಪಲ್ಲ!"

ಎಲ್ಲರೂ ತಿರುಗಿದರು. ಏದುಸಿರು ಬಿಡುತ್ತ ಗುಬ್ಬಿ ನಿಂತಿದ್ದಳು.

"ಅವರು ತೆಗೆದುಕೊಟ್ಟ ಪುಟ ಸರಿಯಾಗೇ ಇತ್ತು ಮೇಡಂ. ಮಧ್ಯದಲ್ಲಿ ಅದನ್ನ ಬದಲಾಯಿಸಿದ್ದು ನನ್ನ ಕೋಡ್. ಹಳೇ ಬ್ರೌಸರ್‌ನವರಿಗೆ ಸುಲಭ ಆಗ್ಲಿ ಅಂತ ನಾನು ಹಾಕಿದ ಒಂದು ದಾರಿ, ಇಬ್ಬರನ್ನ ಒಬ್ಬರು ಅಂದ್ಕೊಂಡುಬಿಡ್ತು. ವೆಬ್‌ಸೈಟ್ ನಿಲ್ಲಿಸಿ ಬಂದಿದ್ದೀನಿ. ಯಾರನ್ನ ವಿಚಾರಿಸಬೇಕೋ, ನನ್ನನ್ನ ವಿಚಾರಿಸಿ."

ಅವನು ತಲೆಯೆತ್ತಿ ನೋಡಿದ. ಆ ಕಣ್ಣಲ್ಲಿದ್ದದ್ದು ಕೋಪವಾ, ನೋವಾ, ಅವಳಿಗೆ ಓದಲಾಗಲಿಲ್ಲ.

ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಏನೋ ಗಾಲಿ ಉರುಳಿದ ಸದ್ದು... ಮತ್ತೆ ಮೌನ. ಮೂಳೆ ಮುರಿದಿದ್ದರೆ? ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಮತ್ತೆ ಏಳುತ್ತಾರಾ? ಈಗಷ್ಟೇ ಮೇಲೆದ್ದಿದ್ದ ಆ ಕೈ... ಗುಬ್ಬಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಬಾಗಿಲು ತೆರೆಯಿತು.

"ಮೂಳೆಗೆ ಏನೂ ಆಗಿಲ್ಲ. ಮಣಿಕಟ್ಟು ಉಳುಕಿದೆ, ಅಷ್ಟೇ."

ಮಗಳು ಜೋರಾಗಿ ಅತ್ತುಬಿಟ್ಟಳು. ಅವನು ಮೆಲ್ಲಗೆ ಬೆಂಚಿನ ಮೇಲೆ ಕುಸಿದು ಕೂತ. ಅವನಿಂದ ಒಂದು ಮೊಳ ದೂರದಲ್ಲಿ ಗುಬ್ಬಿಯೂ ಕೂತಳು.

ಟೈಲರಮ್ಮನ ಮಗಳು ಒಳಗೆ ಹೋದ ಮೇಲೆ ಅವಳೇ ಬಾಯಿ ಬಿಟ್ಟಳು.

"ಒಂದು ಮಾತು ಕೇಳ್ಲಾ?"

"ಕೇಳಿ."

"ನಿಮಗೆ... ಮದುವೆ ಆಗಿದೆಯಾ?"

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. "ಯಾರ ಜೊತೆ?"

"ಅದು ನಂಗೇನು ಗೊತ್ತು! ಅಂದು ನಿಮ್ಮ ಫೋನಲ್ಲಿ ಬಂದಿತ್ತು... ನಿಮ್ಮ ಪತ್ನಿಗೆ ಐದನೇ ತಿಂಗಳು ಅಂತ..."

ಅವನು ಅವಳನ್ನೇ ದಿಟ್ಟಿಸಿದ. ನಗಬೇಕೋ ಅಳಬೇಕೋ ತಿಳಿಯದ ಮುಖ.

"ಅದಕ್ಕೇ ಮಾತು ಬಿಟ್ರಾ? ಒಂದ್ಸಲ ಕೇಳಬಹುದಿತ್ತಲ್ರೀ."

"ಪರದೆ ಮೇಲೆ ಬಂದಿತ್ತು... ನಿಜ ಅಂದ್ಕೊಂಡೆ."

"ಟೈಲರಮ್ಮನೂ ಹಾಗೇ ಅಂದ್ಕೊಂಡ್ರು. ಪರದೆ ಹೇಳ್ತು ಅಂತ ಒಂಟಿ ಕಾಲಲ್ಲಿ ನಿಂತ್ರು." ಅವನ ದನಿ ಒಡೆದಿತ್ತು. "ಅವರಿಗೆ ಮಾತು ಸರಿಯಾಗಿ ಬರಲ್ಲ, ಕೇಳೋಕೆ ಆಗಲಿಲ್ಲ. ನಿಮಗೇನಾಗಿತ್ತು?"

ಅವನು ಎದ್ದು ಟೈಲರಮ್ಮನ ಗಾಲಿಕುರ್ಚಿಯ ಹಿಂದೆ ಹೊರಟುಹೋದ.

*

ಉದ್ಘಾಟನೆ ಮುಂದೆ ಹೋಯಿತು. ಮ್ಯಾನೇಜರ್ ಬೈದರು, ಆಸ್ಪತ್ರೆಯವರು ಬೈದರು. ಗುಬ್ಬಿ ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಅವಳ ಕೆಲಸವೊಂದು ಉಳಿಯಿತು, ಅದೂ ಮುಖ್ಯ ವೈದ್ಯೆಯ ಮಾತಿನಿಂದ. "ತಪ್ಪು ಒಪ್ಪಿಕೊಂಡು ಓಡಿಬಂದವಳೇ ಅದನ್ನ ಸರಿ ಮಾಡ್ಲಿ," ಅಂದಿದ್ದರಂತೆ.

ಅಡ್ಡದಾರಿಯನ್ನು ಬೇರುಸಹಿತ ಕಿತ್ತಳು. ಹಳೇ ಬ್ರೌಸರ್‌ಗಳಿಗೆ ಅವಕ್ಕೆ ತಿಳಿಯುವ ಹಳೇ ರೀತಿಯ ಟೋಕನ್ ಕೊಡಲು ಕಲಿತಳು. ಅದೂ ಹಿಡಿಸದಿದ್ದರೆ ಒಳಗೆ ಬಿಡುವಂತಿಲ್ಲ; ಗೊತ್ತಿಲ್ಲದಿದ್ದರೆ ಊಹೆ ಮಾಡುವಂತಿಲ್ಲ. ಪ್ರತಿ ಪುಟದ ಮೇಲೂ ರೋಗಿಯ ಫೋಟೋ, ಕೆಳಗೆ ಒಂದು ಪ್ರಶ್ನೆ: ‘ಇದು ನೀವೇನಾ?’

ಮತ್ತೆ ಅದೇ ಹಾಲು, ಅದೇ ಮೂಲೆ ಮೇಜು. ಒಂದೊಂದು ಹಳೇ ಫೋನನ್ನೂ ಅಕ್ಕಪಕ್ಕ ಇಟ್ಟು, ಪುಟ ಅದಲುಬದಲಾಗುತ್ತದಾ ಅಂತ ಮತ್ತೆ ಮತ್ತೆ ಪರೀಕ್ಷಿಸಿದಳು. ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಫೋನು ಬೇಕೆಂದರೆ ತಂದುಕೊಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಒಂದು ಮಾತೂ ಇಲ್ಲ.

ಪ್ರತಿ ದಿನ ಬರುವಾಗ ಅವಳಿಗೆ ಭಯ. ಇವತ್ತಾದರೂ ಮುಖ ಕೊಟ್ಟು ಮಾತಾಡುತ್ತಾನಾ? ಪ್ರತಿ ಸಂಜೆ ಮನೆಗೆ ಹೋಗುವಾಗ ಅದೇ ಭಯ ಇನ್ನಷ್ಟು ಭಾರ.

"ನೀನೇ ಹೋಗಿ ಕ್ಷಮೆ ಕೇಳೇ," ಅಂದಳು ಅಕ್ಕ. "ಅವನು ಬೇಡ ಅಂದ್ರೆ ಅಂತ ತಾನೇ ಹೆದರಿಕೆ? ಅಂದ್ರೆ ಅನ್ಲಿ. ಈ ಉಪವಾಸಕ್ಕಿಂತ ಅದೇ ವಾಸಿ!"

ಪರೀಕ್ಷೆಯ ಕೊನೆಯ ದಿನ. ಮಣಿಕಟ್ಟಿನ ಪಟ್ಟಿ ಬಿಚ್ಚಿಸಿಕೊಂಡು ಟೈಲರಮ್ಮ ಟ್ಯಾಬ್ಲೆಟ್ಟಿನ ಮುಂದೆ ಕೂತರು. ಪುಟ ಬಂತು. ತಮ್ಮ ಫೋಟೋ ನೋಡಿಕೊಂಡು ಅವರು ತುಂಬ ಹೊತ್ತು ಸುಮ್ಮನಿದ್ದರು. ಹೆದರಿಬಿಟ್ಟರಾ? ಮತ್ತೆ ಎದ್ದು ಹೋಗುತ್ತಾರಾ?

ಟೈಲರಮ್ಮ ಎಡಗೈಯನ್ನು ಮಡಿಲಲ್ಲೇ ಇಟ್ಟುಕೊಂಡರು. ಬಲಗೈ... ಆ ಬಿದ್ದುಹೋಗಿದ್ದ ಬಲಗೈ, ನಡುಗುತ್ತ, ತಾನೊಂದೇ ಮೇಲೆದ್ದು ಪರದೆಯ ಗುಂಡಿಯನ್ನು ಒತ್ತಿತು.

"ನಾ... ನೇ," ಅಂದರು.

ಗುಬ್ಬಿಯ ಕಣ್ಣು ಮಂಜಾಯಿತು. ತಿರುಗಿದರೆ ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ. ಇಬ್ಬರ ನೋಟವೂ ಸೇರಿತು. ಈ ಸಲ ಯಾರೂ ತಪ್ಪಿಸಿಕೊಳ್ಳಲಿಲ್ಲ.

ಸಂಜೆ ಹಾಲ್ ಖಾಲಿಯಾಯಿತು. ಅವನು ಚಾಪೆಗಳನ್ನು ಸುತ್ತುತ್ತಿದ್ದ. ಅವಳು ಹೋಗಿ ಇನ್ನೊಂದು ತುದಿ ಹಿಡಿದಳು.

"ನನ್ನದು ದೊಡ್ಡ ತಪ್ಪು," ಅಂದಳು. "ಕೇಳದೇ ತೀರ್ಮಾನ ಮಾಡಿದೆ. ನಿಮ್ಮನ್ನ ಅಷ್ಟು ನೋಯಿಸಿದೆ. ಈಗ ಕೇಳ್ತೀನಿ, ಎಷ್ಟು ಭಯ ಆದ್ರೂ ಕೇಳ್ತೀನಿ. ಅವತ್ತು ಸಂಜೆ ನನ್ನ ಹತ್ರ ಏನು ಹೇಳಬೇಕು ಅಂತಿದ್ರಿ?"

ಅವನ ಕೈ ನಿಂತಿತು.

"ಮರೆತುಹೋಯ್ತು."

ಗುಬ್ಬಿಯ ಮುಖ ಬಾಡಿತು. "ಓ... ಸರಿ..."

"ಸುಳ್ಳು ಹೇಳಿದೆ ರೀ! ಅದನ್ನ ಮರೆಯೋಕೆ ಎಷ್ಟು ಪ್ರಯತ್ನ ಪಟ್ಟೆ ಗೊತ್ತಾ? ಆಗ್ಲಿಲ್ಲ." ಅವನು ಚಾಪೆ ಕೆಳಗಿಟ್ಟು ಎದುರಿಗೆ ಬಂದು ನಿಂತ. "ನನಗೆ ನೀವಂದ್ರೆ ಇಷ್ಟ. ಅದೇ ಮಾತು. ನಡುಗ್ತಾ ನಡುಗ್ತಾನೇ ನನ್ನ ಎದುರು ಜಗಳಕ್ಕೆ ನಿಂತ್ರಲ್ಲ, ಅವತ್ತಿಂದ. ಹೇಳೋಕೆ ನನಗೂ ಭಯ. ಜನರನ್ನ ಎಬ್ಬಿಸಿ ನಿಲ್ಲಿಸೋ ಕೆಲಸ ಮಾಡ್ತೀನಿ, ಆದ್ರೆ ನಿಮ್ಮ ಮುಂದೆ ಬಂದ್ರೆ ನನ್ನ ಮಂಡೀನೇ ನಿಲ್ಲಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣೀರು ಇಳಿಯಿತು.

"ನನಗೂ ಇಷ್ಟ," ಅಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ. "ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ."

"ಹಾಗಾದ್ರೆ ಒಂದು ಉಪಕಾರ ಮಾಡಿ. ಈ ‘ನಿಮ್ಮನ್ನ’, ‘ನೀವು’ ಎಲ್ಲ ಬಿಟ್ಟುಬಿಡಿ."

"ಅಯ್ಯೋ, ಒಂದೇ ಸಲಕ್ಕೆ ಹೇಗೆ ಬರುತ್ತೆ?"

"ಒಂದು ಸಲ. ಪ್ರಯತ್ನ ಮಾಡಿ."

ಅವಳು ಬಾಗಿಲ ತನಕ ನಡೆದು ಹೋದಳು. ಹೊರಗೆ ಬೀದಿದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಅವನ ಕಡೆ ತಿರುಗದೆಯೇ ಕೈಯೊಂದನ್ನು ಹಿಂದಕ್ಕೆ ಚಾಚಿದಳು.

"ಬನ್... ಅಲ್ಲ... ಬಾ."

ಅವನ ಬೆರಳು ಅವಳ ಬೆರಳ ನಡುವೆ ಬಂದು ಕೂತವು.

"ಬಂದೆ ಕಣೇ," ಅಂದ.